ಪ್ರತಿಕ್ರಿಯೆ: ಎಂಬ್ರಿಯೊ 8 ವಾರದವರೆಗಾ, 10 ವಾರದವರೆಗಾ?

ನಮಸ್ಕಾರ. ಹೊಟ್ಟೆಯಲ್ಲಿ ಬೆಳೆಯುವ ಮಗುವಿಗೆ ಹೇಳುವ ಜೈಗೋಟ್, ಬ್ಲಾಸ್ಟೊಸಿಸ್ಟ್, ಎಂಬ್ರಿಯೊ, ಫೀಟಸ್ ಎಂಬ ಹೆಸರುಗಳೆಲ್ಲಾ ಒಂದೇನಾ ಅಂತ ಕೇಳಿದ್ದೀರಿ. ಎಂಬ್ರಿಯೊ ಹಂತ ಒಂದು ಕಡೆ 8 ವಾರ, ಇನ್ನೊಂದು ಕಡೆ 10 ವಾರ ಅಂತ ಯಾಕಿದೆ ಅನ್ನುವುದೂ ನಿಮ್ಮ ಗೊಂದಲ.

ಬೆಳೆಯುವ ಜೀವ ಒಂದೇ, ಹಂತಕ್ಕೊಂದು ಹೆಸರು ಅಷ್ಟೆ. ಅಂಡಾಣು, ವೀರ್ಯಾಣು ಸೇರಿ ಆಗುವ ಒಂದೇ ಜೀವಕೋಶ ಜೈಗೋಟ್. ಅದು ಎರಡಾಗಿ, ನಾಲ್ಕಾಗಿ ಒಡೆಯುತ್ತಾ 3-4 ದಿನಕ್ಕೆ ಕೋಶಗಳ ಗಟ್ಟಿ ಉಂಡೆಯಾಗುತ್ತದೆ. ಅದು ಮೊರುಲಾ.

ಬ್ಲಾಸ್ಟೊಸಿಸ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸುಮಾರು 5ನೇ ದಿನ ಆ ಉಂಡೆಯೊಳಗೆ ದ್ರವ ತುಂಬುತ್ತದೆ. ಹೊರಪದರದ ಕೋಶಗಳು ಮುಂದೆ ಮಾಸು ಬೆಳೆಯಲು ಕಾರಣವಾಗುತ್ತವೆ. ಒಳಗಿನ ಪುಟ್ಟ ಗುಂಪಿನಿಂದ ಮಗುವಿನ ದೇಹ. ಕೋಶಗಳು ಹೀಗೆ ಕೆಲಸ ಹಂಚಿಕೊಳ್ಳುವುದು ಇದೇ ಮೊದಲು. ಇಡೀ ಬೆಳವಣಿಗೆಯಲ್ಲಿ ನನಗೆ ತುಂಬಾ ಬೆರಗು ಹುಟ್ಟಿಸುವುದು ಈ ಹಂತವೇ. ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವುದೂ ಇದೇ ಬ್ಲಾಸ್ಟೊಸಿಸ್ಟ್.

ಆಮೇಲಿನದು ಎಂಬ್ರಿಯೊ. ಹೃದಯ, ಮೆದುಳು, ಕೈಕಾಲುಗಳಿಗೆಲ್ಲ ತಳಪಾಯ ಬೀಳುವ ಕಾಲ. ನಂತರ ಹೆರಿಗೆಯವರೆಗೂ ಫೀಟಸ್.

ಇನ್ನು ವಾರದ ಲೆಕ್ಕ. ಡಾಕ್ಟರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂಡಾಣು ಫಲಿಸುವುದು ಸಾಮಾನ್ಯವಾಗಿ ಅದಾಗಿ ಎರಡು ವಾರಕ್ಕೆ, ಅಲ್ವಾ? ಹಾಗಾಗಿ ಫಲಿಸಿದ ದಿನದಿಂದ 8 ವಾರ ಅಂದರೆ ಡಾಕ್ಟರ ಲೆಕ್ಕದಲ್ಲಿ 10 ವಾರ. ನೀವು ಓದಿದ ಎರಡೂ ಸರಿ. ಸ್ಕ್ಯಾನ್ ರಿಪೋರ್ಟ್‌ನಲ್ಲಿ ಇರುವುದು ಡಾಕ್ಟರ ಲೆಕ್ಕವೇ.

ಒಂದು ವಿಷಯ ನೆನಪಿರಲಿ. ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ದೇಹದ ಹೊರಗೆ ಲ್ಯಾಬ್‌ನಲ್ಲಿ ಸೇರಿಸುವ ಚಿಕಿತ್ಸೆ) ಮಾಡುವವರು 3ನೇ ದಿನದ ಕೋಶಗಳ ಗುಂಪನ್ನೂ ಎಂಬ್ರಿಯೊ ಅಂತಲೇ ಕರೆಯುತ್ತಾರೆ. ಅಲ್ಲಿ ಆ ಪದದ ಬಳಕೆ ಸ್ವಲ್ಪ ಸಡಿಲ.