ಕಪ್ಪು ಕರಡಿಗೆ .223 ಸಾಕೇ?
ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ಭಾಗವಾದ ಅಪ್ಪರ್ ಪೆನಿನ್ಸುಲಾದಲ್ಲಿ ಕಪ್ಪು ಕರಡಿ ಬೇಟೆಗೆ ಕೈಯಲ್ಲಿರುವ, ಹಗುರ ಗುಂಡಿನ .223 ಎಆರ್-15 ರೈಫಲ್ ಸಾಕೇ, ಭಾರದ ಗುಂಡಿನ .308 ಸೆಮಿ-ಆಟೊಮ್ಯಾಟಿಕ್ (ಪ್ರತಿ ಗುಂಡಿನ ನಂತರ ತಾನೇ ಮುಂದಿನದನ್ನು ತುಂಬಿಕೊಳ್ಳುವ) ರೈಫಲ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು .308 ತಗೊಳ್ಳಿ.

ಕರಡಿಯ ದಪ್ಪ ಕೊಬ್ಬು ಗಾಯವನ್ನು ಮುಚ್ಚಿಬಿಡುತ್ತದೆ, ಉದ್ದ ಕೂದಲು ರಕ್ತ ಹೀರುತ್ತದೆ. ಗುಂಡು ಆಚೆ ಬದಿಯಿಂದ ಹೊರಬರದಿದ್ದರೆ ನೆಲದ ಮೇಲೆ ಜಾಡು ಸಿಗುವುದೇ ಕಷ್ಟ. ಪ್ರಾಣಿ ಪೊದೆಯೊಳಗೆ ನರಳಿ ಸಾಯುತ್ತದೆ. ಹಾಗಾಗಿ 165 ಅಥವಾ 180 ಗ್ರೇನ್ ತೂಕದ (ಸುಮಾರು 11-12 ಗ್ರಾಂ), ಹಿಗ್ಗಿದರೂ ಚೂರಾಗದ ಬೇಟೆ ಗುಂಡೇ ಬೇಕು.

ನನ್ನ ಒಲವು ಬ್ರೌನಿಂಗ್ ಬಿಎಆರ್ ಎಂಬ ಸೆಮಿ-ಆಟೊಮ್ಯಾಟಿಕ್ ಬೇಟೆ ರೈಫಲ್ ಕಡೆಗೆ. ಎಆರ್-15ರಂಥದ್ದೇ ಆದ, .308 ಗುಂಡಿನ ಎಆರ್-10 ಆದರೆ 5 ಗುಂಡಿನ ಮ್ಯಾಗಜಿನ್ ಹಾಕಿ: ಮಿಷಿಗನ್ನಿನಲ್ಲಿ ಬೇಟೆಯ ಸೆಮಿ-ಆಟೊಮ್ಯಾಟಿಕ್‌ಗೆ ಮ್ಯಾಗಜಿನ್, ಬ್ಯಾರೆಲ್ ಸೇರಿ 6 ಗುಂಡುಗಳ ಮಿತಿಯಿದೆ. ಆಮಿಷದ ಬಳಿ ಕೂರುವುದಾದರೆ ದೂರ ಕಡಿಮೆ, 1ರಿಂದ 6 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್ (ಗುರಿ ದುರ್ಬೀನು) ಸಾಕು. ಮರಿಗಳ ಜೊತೆಗಿರುವ ತಾಯಿಗೆ ಗುರಿಯಿಡಬೇಡಿ, ಅದು ಕಾನೂನುಬಾಹಿರ.