ನೂರಕ್ಕೆ ನೂರು ಅಂದರೆ ಎಷ್ಟು ಜನ?

ನಮಸ್ಕಾರ. ಕೋವಿಡ್‌ಗೆ ಹಳೆಯ ಔಷಧಗಳನ್ನು ಜೋಡಿಸಿ ಕೊಟ್ಟು ನೋಡಿದ ಪ್ರಯೋಗಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವೂ ಇದಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಭಾಷೆ ಸಲೀಸಾಗಿದೆ. ಬೇರೆ ಕಾಯಿಲೆಗೆ ಬಳಕೆಯಲ್ಲಿರುವ ಔಷಧವನ್ನೇ ಮೊದಲು ಪರೀಕ್ಷಿಸುವುದು ಯಾಕೆ ಅನ್ನುವ ಭಾಗ ಚೆನ್ನಾಗಿ ಬಂದಿದೆ. ಅದನ್ನು ಮುಟ್ಟಬೇಡಿ.

ತೊಂದರೆ ಶುರುವಾಗುವುದು ಮೂರನೇ ಪುಟದಲ್ಲಿ. ‘ಹೈಡ್ರಾಕ್ಸಿಕ್ಲೋರೋಕ್ವಿನ್ ಜೊತೆ ಅಜಿತ್ರೋಮೈಸಿನ್ ಕೊಟ್ಟಾಗ ನೂರಕ್ಕೆ ನೂರು ಗುಣ’ ಎಂದು ಬರೆದಿದ್ದೀರಿ. ಮೊದಲನೆಯದು ಮಲೇರಿಯಾದ ಔಷಧ, ಎರಡನೆಯದು ಬ್ಯಾಕ್ಟೀರಿಯಾ ಸೋಂಕಿನದು. ಎಷ್ಟು ಜನಕ್ಕೆ? ಆರು ಜನಕ್ಕೆ. 2020ರ ಮಾರ್ಚ್‌ನಲ್ಲಿ ಫ್ರಾನ್ಸಿನ ಮಾರ್ಸೆಯಿಂದ ಬಂದ ಅಧ್ಯಯನ ಅದು. ಅಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಂಪಿಗೆ ಸೇರಿದವರು 26 ಮಂದಿ. ಕೊನೆಗೆ ಲೆಕ್ಕಕ್ಕೆ ತೆಗೆದುಕೊಂಡಿದ್ದು 20 ಮಂದಿಯನ್ನು. ಅವರಲ್ಲಿ ಎರಡೂ ಔಷಧ ಪಡೆದವರು ಆರೇ ಜನ. ಹಾಗಾದರೆ 26ರಲ್ಲಿ ಲೆಕ್ಕದಿಂದ ಬಿಟ್ಟುಹೋದ ಆರು ಜನ ಏನಾದರು? ಮೂವರನ್ನು ಐಸಿಯುಗೆ ಸೇರಿಸಿದರು. ಒಬ್ಬರು ತೀರಿಕೊಂಡರು. ಒಬ್ಬರು ವಾಕರಿಕೆ ತಾಳಲಾರದೆ ಔಷಧ ನಿಲ್ಲಿಸಿದರು. ಇನ್ನೊಬ್ಬರು ಆಸ್ಪತ್ರೆ ಬಿಟ್ಟು ಹೋದರು. ಹದಗೆಟ್ಟವರನ್ನು ಲೆಕ್ಕದಿಂದ ಹೊರಗಿಟ್ಟರೆ ಯಾವ ಔಷಧವಾದರೂ ಗೆಲ್ಲುತ್ತದೆ, ಅಲ್ವಾ? ಅಲ್ಲಿ ‘ಗುಣ’ ಅಂದರೂ ಆರನೇ ದಿನ ಮೂಗಿನ ಸ್ವಾಬ್‌ನಲ್ಲಿ ವೈರಸ್ ಸಿಗಲಿಲ್ಲ ಅಂತಷ್ಟೇ. ಯಾರಿಗೆ ಔಷಧ, ಯಾರಿಗೆ ಬೇಡ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿರಲೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಪತ್ರಿಕೆಯೇ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ನಿಮ್ಮ ಲೇಖನದಲ್ಲಿ ಇದ್ಯಾವುದೂ ಇಲ್ಲ.

ಔಷಧ ತೆಗೆದುಕೊಳ್ಳದವರ ಗತಿ ಏನಾಯಿತು ಅನ್ನುವುದು ನಿಮ್ಮ ಲೇಖನದಲ್ಲಿ ಒಂದು ಕಡೆಯೂ ಬರುವುದಿಲ್ಲ. ಅದಿಲ್ಲದೆ ಈ ವಿಷಯ ಬರೆಯುವುದೇ ಕಷ್ಟ. ಬ್ರಿಟನ್ನಿನ ರಿಕವರಿ ಪ್ರಯೋಗ ನೋಡಿ. ಆಸ್ಪತ್ರೆಯಲ್ಲಿದ್ದ 1,561 ಜನರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರು. ‘ಶೇ. 73 ಮಂದಿ ಬದುಕುಳಿದರು’ ಎಂದು ಬರೆದರೆ ಸುಳ್ಳೇನಲ್ಲ, ಓದುಗರು ಖುಷಿಯೂ ಪಡುತ್ತಾರೆ. ಆದರೆ ಆ ಔಷಧ ಇಲ್ಲದೆ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 75 ಮಂದಿ ಬದುಕಿದ್ದರು. ಎರಡನೇ ಅಂಕಿ ಬಂದ ಕೂಡಲೇ ಮೊದಲನೆಯದರ ಅರ್ಥವೇ ಬದಲಾಗುತ್ತದೆ.

‘ಅಗ್ಗದ ಔಷಧ ಅಂತ ಬೇಕಂತಲೇ ಮುಚ್ಚಿಟ್ಟರು’ ಅನ್ನುವ ಸಾಲು ತೆಗೆಯಿರಿ. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಹಳೆಯದು, ತೀರಾ ಅಗ್ಗದ್ದು. ಅದೇ ರಿಕವರಿ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದವರ ಸಾವು ಶೇ. 41ರಿಂದ 29ಕ್ಕೆ ಇಳಿಯಿತು. ಕೆಲವೇ ವಾರಗಳಲ್ಲಿ ಅದು ಹಲವು ದೇಶಗಳಲ್ಲಿ ಬಳಕೆಗೆ ಬಂತು. ಆಮ್ಲಜನಕವೇ ಬೇಕಾಗದ ರೋಗಿಗಳಿಗೆ ಮಾತ್ರ ಅದರಿಂದ ಲಾಭ ಕಾಣಲಿಲ್ಲ. ಯಾರಿಗೆ, ಯಾವ ಹಂತದಲ್ಲಿ ಅನ್ನುವುದನ್ನು ಪ್ರತಿ ಔಷಧಕ್ಕೂ ಬರೆಯಿರಿ.

ಜೋಡಿ ಯಾಕೆ ಅನ್ನುವ ವಿವರಣೆಯೂ ಬೇಕು. ‘ಎರಡು ಸೇರಿದರೆ ಶಕ್ತಿ ಜಾಸ್ತಿ’ ಅಂತ ಸುಮ್ನೆ ಹೇಳಿಬಿಟ್ಟಿದ್ದೀರಿ. ಎಚ್‌ಐವಿ ಚಿಕಿತ್ಸೆಯಿಂದ ಬಂದ ರಿಟೊನಾವಿರ್ ಕೋವಿಡ್ ವೈರಸ್ಸನ್ನು ಕೊಲ್ಲಲೆಂದು ಕೊಡುವುದಲ್ಲ. ಯಕೃತ್ತಿನ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಆಗ ಜೊತೆಗಿರುವ ಔಷಧ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ರಿಟೊನಾವಿರ್ ಸೇರಿಸಿ ಮಾಡಿದ ಕೋವಿಡ್ ಮಾತ್ರೆ ಪ್ಯಾಕ್ಸ್‌ಲೋವಿಡ್ ಕೆಲಸ ಮಾಡುವುದು ಹೀಗೆ. ಆದರೆ ರೋಗಿ ನುಂಗುತ್ತಿರುವ ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳೂ ಅದೇ ಕಾರಣಕ್ಕೆ ರಕ್ತದಲ್ಲಿ ಏರಿಬಿಡುತ್ತವೆ. ಇನ್ನು ನೀವು ಹೊಗಳಿದ ಹೈಡ್ರಾಕ್ಸಿಕ್ಲೋರೋಕ್ವಿನ್-ಅಜಿತ್ರೋಮೈಸಿನ್ ಜೋಡಿಯಲ್ಲಿ ಎರಡೂ ಔಷಧ ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲವು. ಅಂಥದ್ದಕ್ಕೆ ಮಾತ್ರೆಯ ಪ್ರಮಾಣವನ್ನೂ ಕೊಟ್ಟಿದ್ದೀರಿ. ದಯವಿಟ್ಟು ಆ ಸಾಲು ಯಾವ ಕಾರಣಕ್ಕೂ ಉಳಿಯಬಾರದು. ಓದಿ ಯಾರೋ ನುಂಗುತ್ತಾರೆ.

ಲ್ಯಾಬ್‌ನ ಭಾಗವನ್ನು ಚಿಕ್ಕದು ಮಾಡಿ. ಹೈಡ್ರಾಕ್ಸಿಕ್ಲೋರೋಕ್ವಿನ್‌ನ ಹತ್ತಿರದ ಸಂಬಂಧಿ ಕ್ಲೋರೋಕ್ವಿನ್ ವೈರಸ್ಸನ್ನು ತಡೆದಿದ್ದು ಕೋತಿಯ ಮೂತ್ರಪಿಂಡದಿಂದ ಬೆಳೆಸಿದ ಜೀವಕೋಶಗಳಲ್ಲಿ. ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ ನೋಡಿದಾಗ ತಡೆಯಲಿಲ್ಲ. ಅಲ್ಲಿ ವೈರಸ್ ಒಳಹೋಗುವ ದಾರಿಯೇ ಬೇರೆ.

ಹಾಂಗ್‌ಕಾಂಗ್ ಪ್ರಯೋಗವನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಬೇಸರವಾಗಿದ್ದು ಅಲ್ಲೇ. ನಿಮ್ಮ ಲೇಖನದ ಜೀವ ಅದರಲ್ಲಿದೆ. 127 ರೋಗಿಗಳು. ಒಂದು ಗುಂಪಿಗೆ ಎಚ್‌ಐವಿಗೆ ಕೊಡುವ ಲೊಪಿನಾವಿರ್-ರಿಟೊನಾವಿರ್ ಮಾತ್ರ. ಇನ್ನೊಂದಕ್ಕೆ ಅದರ ಜೊತೆ ವೈರಸ್ ವಿರುದ್ಧದ ಔಷಧ ರೈಬಾವಿರಿನ್, ಕಾಯಿಲೆ ಶುರುವಾಗಿ ಏಳು ದಿನದೊಳಗೆ ಬಂದವರಿಗೆ ದೇಹದ ರಕ್ಷಣೆಯನ್ನು ಚುರುಕುಗೊಳಿಸುವ ಇಂಟರ್‌ಫೆರಾನ್ ಕೂಡ. ಹಾಗಾಗಿ ಸೇರಿಸಿದ್ದರಿಂದ ಏನಾಯಿತು ಎಂದು ಕೇಳಲು ಸಾಧ್ಯವಾಯಿತು. ಸ್ವಾಬ್ ನೆಗೆಟಿವ್ ಆಗಲು ಹಿಡಿದ ಮಧ್ಯಾಂಕ ಅವಧಿ (ಅರ್ಧದಷ್ಟು ಜನ ಅಷ್ಟರೊಳಗೆ ನೆಗೆಟಿವ್ ಆದರು) ಎಲ್ಲ ಸೇರಿಸಿ ಕೊಟ್ಟ ಗುಂಪಿನಲ್ಲಿ 7 ದಿನ, ಇನ್ನೊಂದರಲ್ಲಿ 12. ಮಿತಿಯೂ ಇದೆ: ಯಾವ ಔಷಧ ಅಂತ ರೋಗಿಗೂ ವೈದ್ಯರಿಗೂ ಗೊತ್ತಿತ್ತು, ಕಾಯಿಲೆಯೂ ತೀವ್ರವಾಗಿರಲಿಲ್ಲ.

ಅಲ್ಲಿಂದ ಶುರು ಮಾಡಿ ಮೂರನೇ ಪುಟದ ನಂತರದ್ದನ್ನೆಲ್ಲ ಹೊಸದಾಗಿ ಬರೆಯಿರಿ. ಪ್ರತಿ ಪ್ರಯೋಗಕ್ಕೂ ಎರಡೂ ಗುಂಪಿನ ಅಂಕಿ ಅಕ್ಕಪಕ್ಕ ಇರಲಿ. ಪುಟ ಜಾಸ್ತಿಯಾದರೂ ಪರವಾಗಿಲ್ಲ, ಜಾಗ ಕೊಡುತ್ತೇನೆ.