ತೊಟ್ಟಿಯ ಹಸಿರು ನೀರಿಗೆ

ಗಪ್ಪಿ ಮೀನು ಇರುವ 500 ಲೀಟರ್ ಸಿಮೆಂಟ್ ತೊಟ್ಟಿ, ನೀರು ಪೂರ್ತಿ ಬದಲಿಸಿದರೂ ವಾರದಲ್ಲೇ ಹಸಿರು ಎಂದಿದ್ದೀರಿ. ಆ ಹಸಿರು ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ. ಪೂರ್ತಿ ಬದಲಿಸುವುದನ್ನು ಮೊದಲು ನಿಲ್ಲಿಸಿ. ಪಾಚಿ ತಿನ್ನುವ ಸೂಕ್ಷ್ಮಜೀವಿಗಳೂ ಹೋಗುತ್ತವೆ. ಬೋರ್‌ವೆಲ್ ನೀರಲ್ಲಿ ನೈಟ್ರೇಟ್ ಇದ್ದರಂತೂ ಪಾಚಿಗೆ ಹೊಸ ಗೊಬ್ಬರ.

ನೀರಿನ ಮೇಲೆ ತೇಲುವ ಗಿಡ ಅಂತರಗಂಗೆ ತಂದು ನೀರಿನ ಮೇಲ್ಮೈಯ ಅರ್ಧಕ್ಕಿಂತ ತುಸು ಹೆಚ್ಚು ಮುಚ್ಚಿ. ಬಿಸಿಲು ತಗ್ಗುತ್ತದೆ, ಬೇರು ನೈಟ್ರೇಟ್ ಹೀರುತ್ತದೆ. ಪೂರ್ತಿ ಮುಚ್ಚಿದರೆ ಬೆಳಗಿನ ಜಾವ ಮೀನಿಗೆ ಉಸಿರು ಕಟ್ಟುತ್ತದೆ. ಹೆಚ್ಚಾದ ಗಿಡ ಗೊಬ್ಬರದ ಗುಂಡಿಗೆ, ದಯವಿಟ್ಟು ಕೆರೆಗೆ ಬೇಡ.

ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ತಾವರೆ ಕುಂಡಕ್ಕೆ ಸಗಣಿ ಗೊಬ್ಬರ ಹಾಕಿದ್ದರೆ ಮೇಲೆ ಎರಡು ಇಂಚು ಮರಳು ಹರಡಿ. ವಾರಕ್ಕೊಮ್ಮೆ ತಳದ ಕೆಸರಿನೊಂದಿಗೆ 50 ಲೀಟರ್ ನೀರನ್ನು ಪೈಪಿನಿಂದ ಎಳೆದು ತೆಗೆದರೆ ಸಾಕು. ನೀರು ತಿಳಿಯಾಗಲೆಂದು ಪಟಿಕ ಹಾಕಬೇಡಿ: ಅದು ಪಿಎಚ್ ಇಳಿಸುತ್ತದೆ, ಅಂದರೆ ನೀರನ್ನು ಆಮ್ಲೀಯವಾಗಿಸುತ್ತದೆ; ಲವಣ ಕಡಿಮೆ ಇರುವ ಮೆದು ನೀರಲ್ಲಿ ಮೀನು ಸಾಯಬಹುದು.